ಪ್ಲಂಬರ್ ಮನೆಯ ಬ್ಲಾಕು

ಬೆಕ್ಕು ದೊರೆ ತನ್ನ ಕಕ್ಕಸಿನ ಮರಳಿನ ಟ್ರೇಯಲ್ಲಿ ಕೂತು ಒಂದೇ ಸಮನೆ ಕೂಗುತ್ತಿತ್ತು. ಬೆಳಗಿನಿಂದ ಅದೇ ರಾಗ. ಹೋಗುವುದು, ಕೆದಕುವುದು, ತಿಣುಕುವುದು, ಎದ್ದು ಬರುವುದು, ಮತ್ತೆ ಓಡುವುದು.

"ರೀ, ದೊರೆಗೆ ಏನೋ ಆಗಿದೆ. ಡಾಕ್ಟ್ರ ಹತ್ರ ಹೋಗೋಣ" ಎಂದಳು ಹೆಂಡತಿ.

"ಏನೂ ಆಗಿಲ್ಲ ಕಣೇ, ಮಲಬದ್ಧತೆ. ಒಂದು ಚಮಚ ಎಣ್ಣೆ ಕುಡಿಸು, ಜಾರ್ಕೊಂಡು ಬರುತ್ತೆ" ಎಂದ ಪ್ಲಂಬರ್, ಟೀ ಲೋಟದಿಂದ ತಲೆ ಎತ್ತದೆ. ಊರಲ್ಲಿ ಯಾರ ಮನೆ ಬಚ್ಚಲು ಕಟ್ಟಿಕೊಂಡರೂ ಅವನೇ ಬೇಕು. ಪೈಪಿಗೆ ಕಿವಿಯಿಟ್ಟರೆ ಸಾಕು, ಎಲ್ಲಿ ಏನು ಸಿಕ್ಕಿಕೊಂಡಿದೆ ಅಂತ ಹೇಳಿಬಿಡುವ ಆಸಾಮಿ. ಅಂಥವನಿಗೆ ಮನೆಯಲ್ಲಿ ಹೆಂಡತಿ ಬುದ್ಧಿ ಹೇಳುವುದೇ!

"ಎಣ್ಣೆನೂ ಬೇಡ, ಮಣ್ಣೂ ಬೇಡ. ಊಟ ಮೂಸಿಲ್ಲ, ವಾಂತಿ ಬೇರೆ ಮಾಡಿದೆ. ಹೊಟ್ಟೆ ಮುಟ್ಟಿದ್ರೆ ಕಚ್ಚೋಕೆ ಬರುತ್ತೆ."

"ನಿನ್ನ ಮುದ್ದು ಜಾಸ್ತಿ ಆಯ್ತು. ನಾಟಕ ಆಡ್ತಿದೆ ಅಷ್ಟೆ."

ಅಷ್ಟರಲ್ಲಿ ಬೇಕರಿಯವನ ಫೋನು ಬಂತು. ಪ್ಲಂಬರ್ ಎದ್ದು ನಿಂತೇ ಮಾತಾಡಿದ. ಗಿರಾಕಿಗೆ ಉಪದೇಶ ಮಾಡುವಾಗ ಕೂತರೆ ಅವನಿಗೆ ದನಿ ಏಳುವುದಿಲ್ಲ.

"ಸಿಂಕಿಂದ ಒಂದು ತೊಟ್ಟೂ ಹೋಗ್ತಿಲ್ವಾ? ಮತ್ತೆ ಏನು ನೋಡ್ತಾ ಕೂತಿದ್ದೀಯ ಮಾರಾಯ! ಅದು ಇದು ಸುರಿದು ಕೆಡಿಸ್ಬೇಡ. ಒಳಗೇ ತುಂಬ್ಕೊಂಡು ಹಿಂದಕ್ಕೆ ಹೊಡೀತು ಅಂದ್ರೆ ಮುಗೀತು ಕತೆ. ಇಂಥದ್ದಕ್ಕೆ ಗೊತ್ತಿರೋರನ್ನ ಕರೀಬೇಕಪ್ಪಾ. ಈ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ!"

ಫೋನಿಟ್ಟು ತಿರುಗಿದರೆ ಹೆಂಡತಿ ಟ್ರೇ ಹಿಡಿದುಕೊಂಡು ನಿಂತಿದ್ದಳು. ಮರಳಲ್ಲಿ ತಳದವರೆಗೂ ಬೆರಳಾಡಿಸಿ ತೋರಿಸಿದಳು. ಎಲ್ಲೂ ಒದ್ದೆಯಿಲ್ಲ.

"ನಿನ್ನೆ ರಾತ್ರಿಯಿಂದ ಇಲ್ಲೂ ಒಂದು ತೊಟ್ಟೂ ಹೋಗಿಲ್ಲ ರೀ."

ಅಭ್ಯಾಸಬಲದಿಂದ ಪ್ಲಂಬರನ ಕೈ ಟೂಲ್ ಬ್ಯಾಗಿಗೆ ಹೋಯಿತು. ಕಟ್ಟಿಕೊಂಡ ಪೈಪಿಗೆ ತುರುಕುವ ಉದ್ದನೆಯ ಸ್ಪ್ರಿಂಗ್ ತಂತಿ ಒಳಗೆ ಕಂಡದ್ದೇ, ಬ್ಯಾಗನ್ನು ಅತ್ತ ಎಸೆದ. ಟವೆಲಿನಲ್ಲಿ ಬೆಕ್ಕನ್ನು ಸುತ್ತಿಕೊಂಡು, ಕಾಲಿಗೆ ಚಪ್ಪಲಿಯನ್ನೂ ಹಾಕದೆ ಪ್ರಾಣಿಗಳ ಆಸ್ಪತ್ರೆಗೆ ಓಡಿದ; ಹಿಂದೆಯೇ ಹೆಂಡತಿ.

"ಗಂಡು ಬೆಕ್ಕು, ಮೂತ್ರ ಕಟ್ಟಿಕೊಂಡಿದೆ. ಸಂಜೆ ತನಕ ಕಾದಿದ್ರೆ ಕೈ ಮೀರಿ ಹೋಗ್ತಿತ್ತು" ಎಂದರು ಡಾಕ್ಟರಮ್ಮ, ಕೂದಲೆಳೆಯಂಥ ನಳಿಗೆಯನ್ನು ಕೈಗೆತ್ತಿಕೊಳ್ಳುತ್ತಾ. "ಇಷ್ಟು ಹೊತ್ತು ಗೊತ್ತಾಗ್ಲಿಲ್ವಾ? ತಾವೇನು ಕೆಲಸ ಮಾಡೋದು?"

"ಬಟ್ಟೆ ಅಂಗಡಿ" ಎಂದ ಪ್ಲಂಬರ್. ಹೆಂಡತಿ ಗೋಡೆ ನೋಡಿದಳು.

ಬೆಕ್ಕು ಕೆಲವು ದಿನ ಆಸ್ಪತ್ರೆಯಲ್ಲೇ ಉಳಿಯಿತು. ಆ ದಿನಗಳಲ್ಲಿ ಪ್ಲಂಬರ್ ಯಾರಿಗೂ ಉಪದೇಶ ಮಾಡಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಅದು ಸತ್ತರೆ ತನ್ನ ಬಾಯಿಂದಲೇ ಸತ್ತಂತೆ ಎಂದು ಒಳಗೊಳಗೇ ಬೆಂದ. ಕರೆತರುವ ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಹೋಗಿ, ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲೇ ಕೂರಿಸಿಕೊಂಡ.

ಅರ್ಧ ದಾರಿಯಲ್ಲಿ ತೊಡೆ ಬೆಚ್ಚಗಾಯಿತು. ಬಿಳಿ ಪ್ಯಾಂಟಿನ ಮೇಲೆ ಹಳದಿ ಹರಡತೊಡಗಿತು.

"ಅಯ್ಯೋ!" ಎಂದು ಹೆಂಡತಿ ಬೆಕ್ಕನ್ನು ಎತ್ತಲು ಕೈ ಚಾಚಿದಳು.

ಪ್ಲಂಬರ್ ಅಲುಗಲಿಲ್ಲ. ಅವನ ಕಣ್ಣು ತುಂಬಿ ಬಂದಿತ್ತು.

"ಶ್... ಮುಟ್ಬೇಡ ಕಣೇ" ಎಂದ ಪಿಸುದನಿಯಲ್ಲಿ. "ನಿಂತ್ಹೋಗಿಬಿಡುತ್ತೆ."