ಹತ್ತು ದಿನದ ಮನೆ

ಆರು ವರ್ಷಗಳ ಮೇಲೆ ಶಶಿಕುಮಾರ್ ಅಣ್ಣನ ಮನೆಯ ಹೊಸ್ತಿಲು ದಾಟಿ ಬಂದು, ಬಸ್ಸಿಗೆ ಕಾಯುವವನಂತೆ ಸೋಫಾದ ತುದಿಯಲ್ಲಿ ಕುಳಿತ. ಇನ್ನೊಂದು ತುದಿಯಲ್ಲಿ ಅಣ್ಣ ನಂದೀಶ್. ನಡುವೆ ತಾಯಿ ನಾಗಲಕ್ಷ್ಮಮ್ಮ. ಎದುರಿನ ಟೀವಿಯಲ್ಲಿ ನಂದೀಶನ ಮಗಳು ಮಂಜುಶ್ರೀ ಮಿಲಾನ್‌ನಿಂದ ಮಾತನಾಡುತ್ತಿದ್ದಳು. ಅವಳ ಓದು ಮುಗಿದಿತ್ತು. ಜುಲೈನಲ್ಲಿ ಪದವಿ ಕೊಡುವ ಸಮಾರಂಭ. ಅದಾದ ಮೇಲೆ ಇಟಲಿಯ ಹಳ್ಳಿಗಾಡಿನಲ್ಲಿ ಒಂದು ವಿಲ್ಲಾ ಹಿಡಿದು ಮನೆಮಂದಿಯೆಲ್ಲ ಹತ್ತು ದಿನ ಇರಬೇಕೆಂಬುದು ಅವಳ ಆಸೆ. ಚಿಕ್ಕಪ್ಪ ಬರದಿದ್ದರೆ ಯಾರೂ ಬರುವುದು ಬೇಡ, ಮನೆಯನ್ನೂ ಅಪ್ಪ ಚಿಕ್ಕಪ್ಪ ಇಬ್ಬರೂ ಒಟ್ಟಿಗೆ ಕೂತೇ ಆರಿಸಬೇಕು ಎಂದು ಹಠ ಹಿಡಿದಿದ್ದಳು. ದೊಡ್ಡನೆಕ್ಕುಂದಿ ಕೆರೆ ಏರಿಯ ಮೇಲೆ ಅವಳಿಗೆ ಸೈಕಲ್ ಕಲಿಸಿದವನು ಈ ಚಿಕ್ಕಪ್ಪನೇ.

ತಂದೆ ಗೋಪಾಲಪ್ಪ ತೀರಿಕೊಂಡ ಮರುವರ್ಷ ಆಸ್ತಿ ಪಾಲಾಗಿತ್ತು. ರಿಂಗ್ ರೋಡಿಗೆ ಮುಖ ಮಾಡಿದ ಜಾಗ ಅಣ್ಣನಿಗೆ ಹೋಯಿತೆಂದು ಮಾತಿಗೆ ಮಾತು ಬೆಳೆದು, ಹಳೇ ಮನೆಯ ಅಂಗಳದ ನಡುವೆ ಗೋಡೆ ಎದ್ದಿತು. ತಾಯಿಯೂ ಪಾಲಾದಳು. ಒಂದು ತಿಂಗಳು ಈ ಮನೆ, ಒಂದು ತಿಂಗಳು ಆ ಮನೆ. ಒಂದನೇ ತಾರೀಖು ಬೆಳಗಿನ ಕಾಫಿ ಒಬ್ಬನಲ್ಲಿ ಕುಡಿದರೆ ಮಧ್ಯಾಹ್ನದ ಮುದ್ದೆ ಇನ್ನೊಬ್ಬನಲ್ಲಿ. ನಾಗಲಕ್ಷ್ಮಮ್ಮ ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ತಾನು ಬಾಯಿ ತೆರೆದರೆ ಉಳಿದಿರುವುದೂ ಹೋದೀತೆಂಬ ಭಯ ಅವಳಿಗೆ.

"ಇದು ನೋಡಿ," ಎಂದಳು ಮಂಜುಶ್ರೀ. ಗುಡ್ಡದ ಮೇಲೊಂದು ಕಲ್ಲಿನ ಮನೆ. ಸುತ್ತ ದ್ರಾಕ್ಷಿ ತೋಟ, ಹಿಂದೆ ಈಜುಕೊಳ.

"ಅಡುಗೆಮನೆ ಒಂದೇನಾ?" ಶಶಿಕುಮಾರ್ ಕೇಳಿದ.

"ಒಂದೇ ಚಿಕ್ಕಪ್ಪ. ತುಂಬಾ ದೊಡ್ಡದಿದೆ."

"ಬೇರೆ ತೋರ್ಸು," ಎಂದ ನಂದೀಶ್.

ಮುಂದಿನ ಚಿತ್ರದಲ್ಲಿ ಒಂದೇ ಅಂಗಳಕ್ಕೆ ಎರಡು ಮನೆಗಳು. ಎರಡು ಬಾಗಿಲು, ಎರಡು ಅಡುಗೆಮನೆ. ಮೆಟ್ಟಿಲುಗಳ ಪಕ್ಕದಲ್ಲಿ ಮಣ್ಣಿನ ಕುಂಡಗಳಲ್ಲಿ ಕೆಂಪು ಹೂವು.

"ಇದೇ ಇರ್ಲಿ," ಎಂದರು ಅಣ್ಣ ತಮ್ಮ ಇಬ್ಬರೂ, ಒಟ್ಟಿಗೆ.

ಆರು ವರ್ಷದಲ್ಲಿ ಅವರಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು. ಮಂಜುಶ್ರೀಯ ಮುಖ ಸಣ್ಣದಾಯಿತು. "ಅಜ್ಜಿ, ನೀನೇನಂತೀಯ?" ಎಂದಳು.

ನಾಗಲಕ್ಷ್ಮಮ್ಮ ಮುಂದಕ್ಕೆ ಬಾಗಿ ಆ ಎರಡು ಬಾಗಿಲುಗಳನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗೈತೆ ಕಣವ್ವ. ಕಲ್ಲಿನ ಮನೆ, ತಂಪಾಗಿರ್ತದೆ. ಅತ್ತು ದಿನ ಅಂದ್ಯಲ್ಲ, ನಾನು ಮೊದ್ಲು ಯಾವ ಬಾಗ್ಲಾಗೆ ಓಗ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಊರು ಗೊತ್ತಿಲ್ಲದವರು ದಾರಿ ಕೇಳಿದಂತೆ ಕೇಳಿದ್ದಳು. "ಐದು ದಿನ ಈ ಕಡೆ, ಐದು ದಿನ ಆ ಕಡೆ ಅಂತ ಮಾಡ್ಕೊಳ್ಳಾನಾ?"

ನಂದೀಶ್ ಕೈಯಲ್ಲಿದ್ದ ರಿಮೋಟನ್ನು ಪಕ್ಕಕ್ಕಿಟ್ಟ. ಶಶಿಕುಮಾರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ, ಒರೆಸಿದ್ದನ್ನೇ ಒರೆಸಿದ. ಆಡಬಾರದ್ದನ್ನು ಆಡಿಬಿಟ್ಟೆನೇನೋ ಎಂದು ನಾಗಲಕ್ಷ್ಮಮ್ಮ ಹೆದರಿದಳು. ಕಿರಿಮಗ ಈಗ ಎದ್ದು ಹೋಗುತ್ತಾನೆ ಎಂದುಕೊಂಡಳು.

ಅವನು ಏಳಲಿಲ್ಲ. "ಮಂಜು, ಆ ಮೊದಲನೇದು ಇನ್ನೊಂದ್ಸಲ ತೋರ್ಸಮ್ಮ," ಎಂದ.

ಗುಡ್ಡದ ಮನೆ ಮತ್ತೆ ಬಂತು. ಅಡುಗೆಮನೆಯ ನಡುವೆ ಉದ್ದನೆಯ ಮರದ ಮೇಜು, ಎರಡೂ ಕಡೆ ಬೆಂಚುಗಳು.

"ಎಷ್ಟು ಜನ ಕೂರ್ಬೋದು?"

"ಹನ್ನೆರಡು ಜನ ಚಿಕ್ಕಪ್ಪ."

"ರೂಮು?" ನಂದೀಶ್ ಟೀವಿಯನ್ನು ನೋಡುತ್ತಲೇ ಕೇಳಿದ.

"ಮೇಲೆ ನಾಲ್ಕು, ಕೆಳಗೊಂದು ಅಪ್ಪ."

"ಕೆಳಗಿಂದು ಅಮ್ಮಂಗೆ," ಎಂದ ಶಶಿಕುಮಾರ್. ಈ ಸಲ ಅವನು ಟೀವಿಯ ಕಡೆ ತಿರುಗಿರಲಿಲ್ಲ. "ಮಂಡಿನೋವು. ಮೆಟ್ಲು ಹತ್ತೋಕಾಗಲ್ಲ ಅಮ್ಮಂಗೆ."

"ಹೂಂ," ಎಂದ ನಂದೀಶ್. ಅಷ್ಟೇ. ಆದರೆ ಅದನ್ನು ತಮ್ಮನ ಮುಖ ನೋಡಿ ಅಂದಿದ್ದ.

ಗುಡ್ಡದ ಮನೆಯೇ ನಿಶ್ಚಯವಾಯಿತು. ಮಂಜುಶ್ರೀ ಕಣ್ಣೊರೆಸಿಕೊಂಡು, ನಗುತ್ತಾ ಕೈಬೀಸಿ ಹೋದಳು. ಟೀವಿ ಕಪ್ಪಾಯಿತು. ಆಗಲೇ ಮಧ್ಯಾಹ್ನವಾಗಿತ್ತು. ಒಳಗೆ ಹಿರಿಸೊಸೆ ವನಜಾ ಸಾರಿಗೆ ಒಗ್ಗರಣೆ ಹಾಕಿದ ಘಮ ಹೊರಗೆ ಬಂತು. ಶಶಿಕುಮಾರ್ ಎದ್ದ. "ಬರ್ತೀನಮ್ಮ," ಎಂದು ಬಾಗಿಲ ಕಡೆ ನಡೆದ.

"ಇಟಲಿ ಎಷ್ಟು ದೂರ ಆಯ್ತದೋ?" ನಾಗಲಕ್ಷ್ಮಮ್ಮ ದೊಡ್ಡಮಗನನ್ನು ಕೇಳಿದಳು.

"ಫ್ಲೈಟಲ್ಲಿ ಹದಿನಾಲ್ಕು, ಹದಿನೈದು ಗಂಟೆ ಆಗುತ್ತಮ್ಮ. ನಡುವೆ ಒಂದ್ಕಡೆ ಇಳಿದು ಹತ್ಬೇಕು."

ಅವಳು ಸೆರಗನ್ನು ಮೊಣಕಾಲಿನ ಮೇಲೆ ಹರವಿ ನಿಧಾನಕ್ಕೆ ಸರಿಮಾಡಿಕೊಂಡಳು.

"ನಿಮ್ಮಿಬ್ರುನ್ನೂ ಒಟ್ಟಿಗೆ ಕೂರ್ಸಿ ಒಂದು ತುತ್ತು ಇಕ್ಕಾಕೆ ಅಷ್ಟು ದೂರ ಓಗ್ಬೇಕಾ ಮಗಾ?"

ಬಾಗಿಲಲ್ಲಿ ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ್ದ ಶಶಿಕುಮಾರ್ ಹಾಗೇ ನಿಂತ. ನಂದೀಶ್ ತಲೆ ತಗ್ಗಿಸಿದ. ಒಳಗೆ ವನಜಾ ಸ್ಟೀಲಿನ ತಟ್ಟೆಗಳನ್ನು ಒಂದೊಂದಾಗಿ ನೆಲಕ್ಕಿಡುವ ಸದ್ದು ಕೇಳಿಸಿತು. ಎಷ್ಟೆಂದು ಮೂವರೂ ಎಣಿಸುತ್ತಿದ್ದರು.