ಅದು ಈರುಳ್ಳಿಯಲ್ಲ

ದಾವಣಗೆರೆಯಲ್ಲಿ ನಮ್ಮ ಪಕ್ಕದ ಬೀದಿಯ ಮನೆಯಲ್ಲಿ ನಡೆದದ್ದು ಇದು. ಆ ಮನೆಯವರೇ "ನಾಲ್ಕು ಜನಕ್ಕೆ ಹೇಳಿ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ...

ಮರುಳಸಿದ್ದಪ್ಪನವರು ರಿಟೈರ್ಡ್ ಬಸ್ ಡ್ರೈವರ್. ವಯಸ್ಸು ಅರವತ್ತೆಂಟು. ಹೆಂಡತಿ ತೀರಿಕೊಂಡು ಆರು ವರ್ಷ. ಮಗ ಹಾಲೇಶ್, ಸೊಸೆ ಸುಜಯಾ, ಏಳು ವರ್ಷದ ಮೊಮ್ಮಗಳು ಧಾತ್ರಿ... ಇಷ್ಟೇ ಸಂಸಾರ.

ಸುಜಯಾಗೆ ಅಮರಿಲ್ಲಿಸ್ ಹೂವಿನ ಹುಚ್ಚು. ಟೆರೇಸ್ ಮೇಲೆ ಹನ್ನೊಂದು ಕುಂಡ. ಬೇಸಿಗೆ ಬಂದರೆ ಅಂಗೈ ಅಗಲದ ಕೆಂಪು ಹೂವು ನೋಡಲು ಅಕ್ಕಪಕ್ಕದವರೆಲ್ಲ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಹೂವು ಮುಗಿದ ಮೇಲೆ ದಂಟು ಮಾತ್ರ ಕತ್ತರಿಸಬೇಕು, ಎಲೆ ಮುಟ್ಟಬಾರದು. ಮುಂದಿನ ವರ್ಷದ ಹೂವಿಗೆ ಗೆಡ್ಡೆಯಲ್ಲಿ ಶಕ್ತಿ ತುಂಬುವುದೇ ಆ ಎಲೆಗಳು.

ಮಾವನಿಗೆ ಇದು ಗೊತ್ತಿರಲಿಲ್ಲ. ಜೂನ್‌ನಲ್ಲಿ ಒಂದು ದಿನ, ಸೊಸೆಗೆ ಕೆಲಸ ಕಡಿಮೆಯಾಗಲಿ ಅಂತ, ಕತ್ತರಿ ತಗೊಂಡು ಅಷ್ಟೂ ಕುಂಡದ ಎಲೆ ಬೋಳಿಸಿಬಿಟ್ಟರು...

ಸುಜಯಾ ನೋಡಿದವಳೇ, ಪಕ್ಕದ ಮನೆಯವರ ಎದುರಿಗೇ, "ಗೊತ್ತಿಲ್ಲದ್ದಕ್ಕೆ ಯಾಕೆ ಕೈ ಹಾಕ್ತೀರಿ ಮಾವ? ಸುಮ್ನೆ ಒಂದು ಕಡೆ ಕೂತಿರೋಕಾಗಲ್ವಾ?" ಅಂದಳು.

ಅವರು ಕತ್ತರಿ ಅಲ್ಲೇ ಇಟ್ಟು ಕೆಳಗಿಳಿದರು. ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟರು.

"ದೊಡ್ಡವರು, ಅವರೇ ಮಾತಾಡಿಸಲಿ" ಅಂತ ಅವಳು. "ಅಂದವಳು ಅವಳು, ಅವಳೇ ಬರಲಿ" ಅಂತ ಇವರು.

ಮಧ್ಯೆ ಓಡಾಡಿದ್ದು ಧಾತ್ರಿ. "ಅಮ್ಮಂಗೆ ಹೇಳು, ಕಾಫಿ ಬೇಕಂತೆ." "ಅಜ್ಜಂಗೆ ಹೇಳು, ಊಟಕ್ಕೆ ಬರಬೇಕಂತೆ." ಐದು ತಿಂಗಳು ಹೀಗೇ ನಡೆಯಿತು...

ನವೆಂಬರ್ ಬಂತು. ಎರಡು ತಿಂಗಳು ನೀರಿಲ್ಲದೆ ಕತ್ತಲಲ್ಲಿ ವಿಶ್ರಾಂತಿ ಕೊಟ್ಟರೆ ಗೆಡ್ಡೆಗಳು ಮತ್ತೆ ಹೂ ಬಿಡುತ್ತವೆ. ಸುಜಯಾ ಅವನ್ನು ಕಿತ್ತು, ಒಣಗಿಸಿ, ಬಟ್ಟೆಚೀಲಕ್ಕೆ ಹಾಕಿ ಅಡುಗೆಕಟ್ಟೆಯ ಕೆಳಗಿಟ್ಟಳು. ಮನೆಯಲ್ಲಿ ತಂಪಾದ, ಕತ್ತಲ ಜಾಗ ಅದೊಂದೇ.

ನೋಡಲು ಥೇಟ್ ಈರುಳ್ಳಿ. ತಿಂದರೆ ವಿಷ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾವ ಹತ್ತು ಹೆಜ್ಜೆ ದೂರದಲ್ಲಿ ಪೇಪರ್ ಓದುತ್ತಿದ್ದರು. ಹೇಳಬೇಕು ಅನ್ನಿಸಿತು... ಬಾಯಿ ಬರಲಿಲ್ಲ.

"ಧಾತ್ರಿ, ಆ ಚೀಲದಲ್ಲಿರೋದು ಈರುಳ್ಳಿ ಅಲ್ಲ, ಮುಟ್ಟಬಾರದಂತೆ ಅಂತ ಅಜ್ಜಂಗೆ ಹೇಳು" ಅಂದಳು.

ಆಟದಲ್ಲಿದ್ದ ಮಗು "ಹ್ಞೂಂ" ಅಂದಿತು.

ಹತ್ತು ದಿನ ಕಳೆಯಿತು. ಅವತ್ತು ಶನಿವಾರ. ಹಾಲೇಶ್ ಕೆಲಸದ ಮೇಲೆ ಹರಿಹರಕ್ಕೆ ಹೋಗಿದ್ದರು. ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವ ಸುಜಯಾ ಡ್ಯೂಟಿ ಮುಗಿಸಿ ಮೂರೂವರೆಗೆ ಮನೆಗೆ ಬಂದಳು.

ಬಚ್ಚಲಲ್ಲಿ ಮಾವ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದರು. ಧಾತ್ರಿ ನೀರಿನ ಲೋಟ ಹಿಡಿದು ಬೆದರಿ ನಿಂತಿದ್ದಳು.

ಅಡುಗೆಮನೆಯಲ್ಲಿ ಮಂಡಕ್ಕಿ ಕಲಸಿದ ಪಾತ್ರೆ. ಮಣೆಯ ಮೇಲೆ ಅರ್ಧ ಹೆಚ್ಚಿದ ದಪ್ಪ ಬಿಳಿ ಹೋಳು. ಸುಜಯಾ ಬಗ್ಗಿ ಮೂಸಿದಳು... ಈರುಳ್ಳಿ ವಾಸನೆಯೇ ಇಲ್ಲ.

ಅವಳು ಬಚ್ಚಲಿಗೆ ಓಡಿದಳು.

"ಮಾವ... ಎಷ್ಟು ತಿಂದ್ರಿ?"

ಐದು ತಿಂಗಳಲ್ಲಿ ಅವಳು ಮಾವನ ಜೊತೆ ಆಡಿದ ಮೊದಲ ಮಾತು ಅದು.

"ಒಂದು ಬಟ್ಟಲು... ಕಹಿ ಇತ್ತು. ಹಳೇ ಈರುಳ್ಳಿ ಇರ್ಬೇಕು ಅಂತ ಖಾರ ಜಾಸ್ತಿ ಹಾಕ್ಕೊಂಡು ತಿಂದೆ. ಮಗು ಬಾಯಿಗಿಟ್ಟಿದ್ದನ್ನ ಉಗುಳಿಬಿಡ್ತು..."

ಉಳಿದ ಹೋಳನ್ನು ಕವರಿಗೆ ಹಾಕಿಕೊಂಡು, ಇಬ್ಬರನ್ನೂ ಆಟೋ ಹತ್ತಿಸಿದಳು. ದಾರಿಯಲ್ಲಿ ಮಾವನ ತಲೆ ಅವಳ ಹೆಗಲಿಗೆ ವಾಲಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೋಳನ್ನು ನೋಡಿದರು. "ತಂದಿದ್ದು ಒಳ್ಳೇದಾಯ್ತು. ಮಗುಗೇನೂ ಅಪಾಯ ಇಲ್ಲ. ಇವರಿಗೆ ವಯಸ್ಸಾಗಿದೆ, ಬಿಪಿ ಬೀಳ್ತಾ ಇದೆ. ಮೂರು ಗಂಟೆ ಕಳೀಲಿ, ಆಮೇಲೆ ಹೇಳ್ತೀನಿ."

ಬಾಗಿಲು ಮುಚ್ಚಿತು...

ಸುದ್ದಿ ತಿಳಿದು ಹಾಲೇಶ್ ಓಡಿಬಂದರು. "ಅದು ವಿಷ ಅಂತ ಅಪ್ಪಂಗೆ ಹೇಳಿರ್ಲಿಲ್ವಾ ನೀನು?"

"ಧಾತ್ರಿ ಹತ್ರ ಹೇಳಿ ಕಳಿಸಿದ್ದೆ..." ಅನ್ನುವ ಮಾತು ಸುಜಯಾಳ ನಾಲಿಗೆಯ ತುದಿಗೆ ಬಂದಿತ್ತು. ಆಗ ಮಗಳ ಕಡೆ ನೋಡಿದಳು.

ಮಗು ಬೆಂಚಿನ ಹಿಂದೆ ಮುದುರಿ ಕೂತಿತ್ತು.

"ಹೊಟ್ಟೆ ನೋಯ್ತಿದೆಯಾ ಕಂದ?"

ಇಲ್ಲ ಅಂತ ತಲೆ ಆಡಿಸಿತು. ಆಮೇಲೆ ಪಿಸುಗುಟ್ಟಿತು...

"ನೀನು ಹೇಳು ಅಂದಿದ್ದೆ, ನಾನು ಮರೆತುಬಿಟ್ಟೆ ಅಮ್ಮ... ಅಜ್ಜ ಸತ್ತೋದ್ರೆ ನಾನೇ ಸಾಯಿಸಿದ ಹಾಗೆ ಅಲ್ವಾ?"

ಸುಜಯಾ ಅಲ್ಲೇ ನೆಲದ ಮೇಲೆ ಕೂತಳು. ಮಗಳನ್ನು ಎದೆಗೆ ಒತ್ತಿಕೊಂಡು, "ಹೇಳಬೇಕಾಗಿದ್ದು ನಾನು ಕಂದ... ಅದು ನಿನ್ನ ಕೆಲಸವೇ ಅಲ್ಲ" ಅಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು.

ಏಳು ಗಂಟೆಗೆ ಡಾಕ್ಟರ್ ಹೊರಗೆ ಬಂದರು. "ಬಿಪಿ ಸರಿ ಹೋಗಿದೆ. ಮಾತಾಡಿಸಬಹುದು."

ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಮರುಳಸಿದ್ದಪ್ಪನವರು ಸೊಸೆಯನ್ನು ನೋಡಿದರು.

"ನಿನಗೆ ಅಂತಲೇ ಕಲಸಿದ್ದೆ ಕಣಮ್ಮ. ಆಫೀಸಿಂದ ಹಸಿದು ಬರ್ತೀಯ, ತಟ್ಟೆ ಕೈಗೆ ಕೊಟ್ಟು ನಾನೇ ಮಾತಾಡಿಸೋಣ ಅಂತ... ನೀನು ತಿಂದಿದ್ರೆ ಏನು ಗತಿ?"

ಸುಜಯಾ ಅವರ ಕಾಲು ಹಿಡಿದುಕೊಂಡು ಅತ್ತಳು. ಧಾತ್ರಿ ಹೊರಗೆ ಹೇಳಿದ ಮಾತನ್ನು ಅವರಿಗೆ ತಿಳಿಸಿದಳು.

ಕೇಳುತ್ತಾ ಕೇಳುತ್ತಾ ಆ ಹಿರಿಯ ಜೀವದ ಕಣ್ಣು ತುಂಬಿ ದಿಂಬು ಒದ್ದೆಯಾಯಿತು. ಬಾಗಿಲ ಬಳಿ ನಿಂತಿದ್ದ ಮೊಮ್ಮಗಳನ್ನು ಹತ್ತಿರ ಕರೆದರು.

"ಪುಟ್ಟಿ, ನಿನ್ನದೇನೂ ತಪ್ಪಿಲ್ಲ. ಇನ್ಮೇಲೆ ನಿಮ್ಮಮ್ಮನ ಜೊತೆ ನಾನೇ ಮಾತಾಡ್ತೀನಿ. ನೀನು ಆಟ ಆಡ್ಕೊಂಡಿರು, ಆಯ್ತಾ?"

ಧಾತ್ರಿ ಅಜ್ಜನ ಮುಖ ನೋಡಿದಳು. ಅಮ್ಮನ ಮುಖ ನೋಡಿದಳು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಮಗು, ಆಗ ಬಾಯಿಬಿಟ್ಟು ಅತ್ತಿತು...

ಸೋಮವಾರ ಡಿಸ್ಚಾರ್ಜ್ ಆಯಿತು. ಉಳಿದ ಗೆಡ್ಡೆಗಳು ಈಗ ಬೀಗ ಹಾಕಿದ ಟಿನ್ನಿನಲ್ಲಿವೆ. ಜನವರಿಯಲ್ಲಿ ಮಾವ ಸೊಸೆ ಕೂಡಿ ನೆಡುತ್ತಾರಂತೆ.

*ದೊಡ್ಡವರು ನುಂಗಿಕೊಂಡ ಮಾತಿನ ಭಾರ ಕೊನೆಗೆ ಬೀಳುವುದು ಮಕ್ಕಳ ಹೆಗಲಿಗೆ.*

ನಿಮ್ಮ ಮನೆಯಲ್ಲಿ ಯಾರ ಜೊತೆ ಮಾತು ನಿಂತಿದೆ? ಇವತ್ತು ಮೊದಲು ಮಾತಾಡಿಸುವವರು ನೀವೇ ಯಾಕಾಗಬಾರದು?