ಅಣ್ಣ ಹೊಲಿದ ಬ್ಯಾಗು

ಮೂರನೆಯ ಸಲ ಅವನು ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದ. ಎರಡು ಅಂಗಿ, ಹರಿದ ನಕ್ಷೆ, ಒಂಟಿ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು ಬಿದ್ದವು. ಪಾಸ್‌ಪೋರ್ಟ್ ಬೀಳಲಿಲ್ಲ.

ಅದು ಪ್ರವಾಸಿಗಳ ಹಾಸ್ಟೆಲು. ಒಂದೇ ಕೋಣೆಯಲ್ಲಿ ಎಂಟು ಮಂಚ. ಮಲಗಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ಆರು ತಿಂಗಳು ಹನ್ನೊಂದು ದೇಶ ಸುತ್ತಿದವನಿಗೆ, ಊರಿಗೆ ಹೊರಡಲು ಇನ್ನೊಂದೇ ದಿನ ಇರುವಾಗ ಹೀಗಾಗಬೇಕೆ ಎಂದು ಮರುಗಿದರು. ಇನ್ನೊಬ್ಬರ ಪಾಸ್‌ಪೋರ್ಟಿಗೆ ಮರುಗುವುದು ಸುಲಭ. ಅವನು ಗೋಡೆಗೊರಗಿ ಕುಸಿದು ಕೂತ. ಅಳು ನಿಜವಾಗಿಯೇ ಬಂತು.

ಅಳುವುದಕ್ಕೆ ಕಾರಣವಿತ್ತು. ಸೋಮವಾರ ಅಣ್ಣ ತಮ್ಮ ಇಬ್ಬರೂ ಆಸ್ಪತ್ರೆ ಸೇರಬೇಕಿತ್ತು. ಅಣ್ಣನಿಗೆ ಕಿಡ್ನಿ ಕೊಡುವವನು ಇವನು. ಮನೆಯಲ್ಲಿ ಹೊಂದಿದ್ದು ಇವನದೊಂದೇ. ಪರೀಕ್ಷೆಯ ದಿನ ಸೂಜಿ ಕಂಡೇ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಎದ್ದವನೇ ಎಲ್ಲರೆದುರು ಕೊಡುತ್ತೇನೆ ಎಂದಿದ್ದ. ಅಣ್ಣನ ಎದೆಯ ಸೋಂಕು ವಾಸಿಯಾಗಲು ಆರು ತಿಂಗಳು ಕಾಯಬೇಕೆಂದು ಡಾಕ್ಟರು ಹೇಳಿದಾಗ, ಅಷ್ಟರಲ್ಲಿ ನೀನು ಊರೂರು ಸುತ್ತಿಕೊಂಡು ಬಾ, ಆಪರೇಷನ್ ಆದಮೇಲೆ ನಿನ್ನ ಕೈಲಿ ಭಾರ ಹೊರಿಸುವುದಿಲ್ಲ ಎಂದು ಕಳಿಸಿದವನು ಅಣ್ಣನೇ. ಈ ಸೋಮವಾರ ತಪ್ಪಿದರೆ ಮತ್ತೊಂದು ದಿನ ಸಿಗುವವರೆಗೆ ಅಣ್ಣನ ಮೈ ತಡೆಯುವುದಿಲ್ಲ. ಹಾಗೆಂದು ಅತ್ತಿಗೆ ಮೊನ್ನೆಯಷ್ಟೇ ಫೋನಿನಲ್ಲಿ ಹೇಳಿದ್ದಳು.

ಅಣ್ಣನದು ಬ್ಯಾಗು ಹೊಲಿಯುವ ಕಸುಬು. ಈ ಬ್ಯಾಗೂ ಅವನ ಕೈಯದೇ. ಡಯಾಲಿಸಿಸ್ ಮುಗಿಸಿ ಬಂದ ಸಂಜೆಗಳಲ್ಲಿ, ಊದಿದ ಕಾಲನ್ನು ಮಷೀನಿನ ಪೆಡಲಿನ ಮೇಲಿಟ್ಟು, ಎರಡು ವಾರ ಕೂತು ಹೊಲಿದಿದ್ದ. ಇಂಚಿಗೆ ಎಂಟು ಹೊಲಿಗೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹನ್ನೊಂದು ದೇಶದ ಬಸ್ಸುಗಳಲ್ಲಿ ಎತ್ತಿ ಒಗೆಸಿಕೊಂಡರೂ ಒಂದು ಎಳೆ ಬಿಟ್ಟಿರಲಿಲ್ಲ.

ಬೆಳಗಿನ ಜಾವ ಹೇಳದೆ ಕೇಳದೆ ಹೊರಟುಹೋಗಿದ್ದ ಕೆಳಮಂಚದ ಗಡ್ಡದವನ ಮೇಲೆ ಎಲ್ಲರ ಅನುಮಾನ ಹೋಯಿತು. ಅವನ ಗೊರಕೆಗೆ ಮೊದಲೇ ರೋಸಿಹೋಗಿದ್ದರಿಂದ ತೀರ್ಪು ಬೇಗ ಆಯಿತು. ತಲೆಯಾಡಿಸಿದವನು ಇವನೊಬ್ಬನೇ.

"ಪಾಪ, ಅವನಲ್ಲ ಬಿಡಿ."

ಹಾಸ್ಟೆಲಿನ ಯಜಮಾನಿ ಕೈಕಟ್ಟಿ ಕೂರುವ ಹೆಂಗಸಲ್ಲ. ಇವನನ್ನು ಪೊಲೀಸ್ ಠಾಣೆಗೆ, ಅಲ್ಲಿಂದ ರಾಯಭಾರ ಕಚೇರಿಗೆ ಎಳೆದುಕೊಂಡು ಹೋದಳು. ಕಚೇರಿಗೆ ಬೀಗ. ಮಂಗಳವಾರದವರೆಗೆ ರಜೆ ಎಂಬ ಕಾಗದ ಗೇಟಿಗೆ ಅಂಟಿ ವಾರವಾಗಿತ್ತು. ಹಿಂದಿರುಗುವಾಗ ಇವನ ಅಂಗಿಯ ಎರಡನೆಯ ಗುಂಡಿ ಇನ್ನೂ ಇಲ್ಲದ್ದನ್ನು ಕಂಡು, ಗುಂಡಿ ಹಾಕಿಕೊಳ್ಳಲೆಂದು ಮೊನ್ನೆ ಇಸಿದುಕೊಂಡ ಸೂಜಿದಾರ ಏನಾಯಿತು ಎಂದು ಕೇಳಿದಳು. ಇವನು ತೆರೆದ ಅಂಗಿಯನ್ನು ಕೈಯಿಂದ ಮುಚ್ಚಿಕೊಂಡ. ಇಂಥ ಹೊತ್ತಿನಲ್ಲಿ ಗುಂಡಿಯ ಮಾತೆತ್ತಿದೆನಲ್ಲ ಎಂದು ಅವಳೇ ನಾಚಿಕೊಂಡಳು.

ಸಂಜೆ ಅಣ್ಣನ ವಿಡಿಯೋ ಕರೆ ಬಂತು. ಮುಖ ಇನ್ನಷ್ಟು ಊದಿತ್ತು. ಹಿಂದೆ ಅತ್ತಿಗೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಠಾಣೆ, ಬೀಗ, ರಜೆ ಎಲ್ಲವನ್ನೂ ಇವನು ಒಂದೇ ಉಸಿರಿಗೆ ಹೇಳಿದ. ಅಷ್ಟಕ್ಕೂ ಸಮಾಧಾನವಾಗದೆ ಬ್ಯಾಗನ್ನೇ ಎತ್ತಿ ಫೋನಿನ ಮುಂದೆ ಹಿಡಿದ. ಒಳಗು, ಹೊರಗು, ಜೇಬುಗಳು, ಬೆನ್ನಿಗೆ ತಾಗುವ ದಪ್ಪ ಮೆತ್ತೆ, ಎಲ್ಲವನ್ನೂ ತಿರುಗಿಸಿ ತೋರಿಸಿದ.

"ನೋಡಣ್ಣ, ಖಾಲಿ. ನಾನೇನ್ ಮಾಡ್ಲಿ ಹೇಳು."

ಅಣ್ಣ ಕನ್ನಡಕ ಹಾಕಿಕೊಂಡ. ಇನ್ನೊಂದು ಸಲ ತಿರುಗಿಸು ಎಂದ. ಇವನು ತಿರುಗಿಸಿದ. ರಿಪೇರಿಗೆ ಬಂದ ಬ್ಯಾಗನ್ನು ನೋಡುವ ಹಾಗೆ ಅಣ್ಣ ತುಂಬ ಹೊತ್ತು ನೋಡಿದ. ಆಮೇಲೆ ಮಾತ್ರೆ ತಾ ಎಂದು ಅತ್ತಿಗೆಯನ್ನು ಒಳಗೆ ಕಳಿಸಿದ. ಅವಳ ಹೆಜ್ಜೆಸಪ್ಪಳ ದೂರವಾಗುವವರೆಗೆ ಕಾದು ಫೋನಿಗೆ ಬಾಯಿ ಹತ್ತಿರ ತಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಆ ಮೆತ್ತೆ ಅಂಚಿನ ಹೊಲಿಗೆ ನಂದಲ್ಲ ಕಣೋ. ಬಿಚ್ಬೇಡ, ಒಳಗಿರೋದು ಒಳಗೇ ಇರ್ಲಿ. ನಿಮ್ಮತ್ತಿಗೆಗೆ ಕಳ್ದೋಯ್ತು ಅಂತ್ಲೇ ಹೇಳ್ತೀನಿ."